ಬೊನಿಫಾಸ್ ಮಥಾಯಸನ ಜರಡಿ

ಬೊನಿಫಾಸ್ ಮಥಾಯಸನಿಗೆ ಕುವೈತಿನಲ್ಲಿ ಎರಡು ಮನೆ. ಒಂದು ಸಲ್ವಾದಲ್ಲಿ, ಯಜಮಾನರ ಬಂಗಲೆಯ ಹಿಂದೆ. ಒಂದು ಮಂಚ, ಒಂದು ಟ್ರಂಕು, ಗೋಡೆಯಲ್ಲಿ ವೇಲಾಂಕಣಿ ಮಾತೆ. ಅಲ್ಲಿ ಅವನು ಮಲಗಿದ್ದು ಬಹಳ ಕಡಿಮೆ. ಇನ್ನೊಂದು ಮನೆಗೆ ಚಕ್ರ ಇತ್ತು. ಅವನು ನಿಜವಾಗಿ ಬದುಕಿದ್ದು ಅದರಲ್ಲೇ.

ಅದನ್ನು ಎಲ್ಲರೂ ಕ್ಯಾರವಾನ್ ಎನ್ನುತ್ತಿದ್ದರು. ಹೊರಗಿಂದ ನೋಡಿದರೆ ಬಸ್ಸು. ಒಳಗೆ ಹೋದರೆ ಅಡುಗೆಮನೆ, ಊಟದ ಮೇಜು, ಎರಡು ಮಂಚ, ಕಕ್ಕಸು. ಯಜಮಾನ ಅಬು ನಾಸರ್‌ಗೆ ಹೆಂಡತಿ ತೀರಿಕೊಂಡ ಮೇಲೆ ಬಂಗಲೆಯಲ್ಲಿ ನಿದ್ದೆ ಬರಲಿಲ್ಲ. ಈ ಗಾಡಿ ತರಿಸಿದ. ಚಳಿಗಾಲವಿಡೀ ಮರುಭೂಮಿ, ಸೆಕೆಗಾಲದಲ್ಲಿ ಕಡಲ ಬದಿ, ಹೀಗೆ ವರ್ಷವಿಡೀ ಅಲೆದಾಟ. ಒಂದು ಕಡೆ ನಾಲ್ಕು ದಿನ ನಿಂತರೆ ಐದನೆಯ ದಿನ ಮುದುಕನಿಗೆ ಅಂಗಾಲು ತುರಿಸುತ್ತಿತ್ತು. "ಯಲ್ಲಾ ಬೋನಿ" ಅಂದರೆ ಮುಗಿಯಿತು, ಪಾತ್ರೆ ಕಟ್ಟಬೇಕು. ಡ್ರೈವರು, ಅಡುಗೆಯವ, ಮಾತ್ರೆ ಕೊಡುವವ, ಕಾಲು ಒತ್ತುವವ, ಎಲ್ಲ ಒಂದೇ ಜೀವ, ನಮ್ಮ ಬೊನಿಫಾಸ್. ಊರು ಕಿನ್ನಿಗೋಳಿಯ ಬದಿ.

ಅಬು ನಾಸರ್ ಕೆಟ್ಟವನಲ್ಲ. ಊಟ ಮಾಡುವಾಗ ಬೊನಿಫಾಸನನ್ನು ಎದುರು ಕೂರಿಸಿಕೊಳ್ಳುತ್ತಿದ್ದ, ಮೀನಿನ ಸಾರು ಖಾರವಾದರೆ ಮೂಗು ಒರೆಸುತ್ತ ಇನ್ನೊಂದು ಸೌಟು ಕೇಳುತ್ತಿದ್ದ. ಅವನಿಗೆ ಇದ್ದ ಒಂದೇ ವೈರಿ ಟೆಲಿಫೋನು. ಮೂವರು ಗಂಡುಮಕ್ಕಳು ದಿನವಿಡೀ ಫೋನ್ ಮಾಡಿ ಮಾತ್ರೆ ತಗೊಂಡ್ರಾ, ಸ್ವೆಟರ್ ಹಾಕಿದ್ರಾ ಎಂದು ಜೀವ ತಿನ್ನುತ್ತಿದ್ದರು. ಹಾಗಾಗಿ ಎಲ್ಲಿ ಫೋನು ಸತ್ತು ಬೀಳುತ್ತದೋ ಅಲ್ಲಿ ಗಾಡಿ ನಿಲ್ಲಿಸಲು ಹೇಳುತ್ತಿದ್ದ. ಪರದೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಅಳಿಸಿಹೋಗುವುದನ್ನು ನೋಡಿ "ಅಲ್‌ಹಂದುಲಿಲ್ಲಾ" ಎಂದು ಕಾಲು ಚಾಚುತ್ತಿದ್ದ. ಆ ಕಡ್ಡಿಗಳು ಅಳಿಸಿದರೆ ಬೊನಿಫಾಸನ ಊರೂ ಅಳಿಸಿಹೋಗುತ್ತದೆ ಎನ್ನುವುದು ಪಾಪ ಅವನ ತಲೆಗೆ ಬಂದಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ನಡೆಯುತ್ತಿತ್ತು ಆ ಗಾಡಿ.

ಬೊನಿಫಾಸ್ ಕುವೈತಿಗೆ ಬಂದದ್ದು ಯುದ್ಧ ಮುಗಿದ ಮರುವರ್ಷ. ಮಗಳು ಮರೀನಾ ಆಗ ಬಾಲವಾಡಿಗೆ ಹೋಗುತ್ತಿದ್ದಳು. ಅವಳ ಮೊದಲ ಪರಮಪ್ರಸಾದ ಅವನಿಗೆ ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಹೆಂಡತಿ ಕಾರ್ಮೆಲ್ ಟೇಪ್ ರೆಕಾರ್ಡರ್ ಎದುರು ಮಗಳನ್ನು ಕೂರಿಸಿ ಪ್ರಾರ್ಥನೆ ಹೇಳಿಸಿ ಬರುವವರ ಕೈಯಲ್ಲಿ ಕಳಿಸಿದ್ದಳು. ಹತ್ತನೆಯ ಕ್ಲಾಸು ಪಾಸಾದದ್ದು ಫೋನ್ ಕಾರ್ಡಿನಲ್ಲಿ ಬಂತು, ಅದೂ ಅರ್ಧದಲ್ಲಿ ಕಾರ್ಡು ಮುಗಿದು. ಟೈಫಾಯ್ಡ್ ಬಂದು ಬದುಕಿ ಉಳಿದದ್ದು ಅವನಿಗೆ ಗೊತ್ತಾದದ್ದು ಅವಳ ಕೂದಲು ಪುನಃ ಬೆಳೆದ ಮೇಲೆ. ಬೇರೆಯವರ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದು ಅವನ ಸ್ಟಿಯರಿಂಗ್ ಸವೆದಿತ್ತು. ತನ್ನ ಮಗಳ ಶಾಲೆಯ ಗೇಟು ಯಾವ ಬಣ್ಣದ್ದು ಅಂತ ಕೇಳಿದರೆ ಅವನು ಹೇಳಲಾರ.

ಈಗ ಅವಳ ಮದುವೆ ನಿಶ್ಚಯವಾಯಿತು. ಜನವರಿಯಲ್ಲಿ.

ಜನವರಿಯೇ ಯಾಕೆ ಅಂದರೆ, ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲದಲ್ಲಿ ನಮ್ಮ ಇಗರ್ಜಿಗಳಲ್ಲಿ ಮದುವೆ ಇಲ್ಲ, ಆಮೇಲೆ ತಪಸ್ಸು ಕಾಲ ಹಿಡಿದರೆ ಈಸ್ಟರ್ ತನಕ ಇಲ್ಲ. ನಡುವಿನ ಸಂದಿಯಲ್ಲೇ ಊರಿನ ಮದುವೆಗಳೆಲ್ಲ ನಡೆಯಬೇಕು. ಕುವೈತಿನವರು ಮರುಭೂಮಿಯಲ್ಲಿ ಡೇರೆ ಹಾಕಿ ಕೂರುವುದೂ ಸರಿಯಾಗಿ ಅದೇ ಸಂದಿಯಲ್ಲಿ.

ರಜೆಯ ಮಾತು ಮೊದಲೇ ಆಗಿತ್ತು. ಆದರೆ ಆ ಸಲ ಊರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮುದುಕನ ಎದೆ ಕೊಯ್ದು ಹೊಲಿದಿದ್ದರು. ಮನೆಯಲ್ಲಿ ಇರಿ ಅಂದರೆ ಕೇಳುವ ಜಾತಿ ಅಲ್ಲ. "ಸಾಯುವುದಾದರೆ ಮರಳಲ್ಲಿ ಸಾಯುತ್ತೇನೆ" ಎಂದು ಹಟ ಹಿಡಿದು ಗಾಡಿ ಹತ್ತಿದ. ಹಿರಿಮಗ ನಾಸರ್ ಬೊನಿಫಾಸನನ್ನು ಬದಿಗೆ ಕರೆದು ಹೆಗಲ ಮೇಲೆ ಕೈ ಇಟ್ಟ.

"ಬೋನಿ, ಬಾಬಾನ ಮಾತ್ರೆ ನಿನಗೆ ಮಾತ್ರ ಗೊತ್ತು. ಅವರು ಬೇರೆಯವರ ಮಾತು ಕೇಳೋದಿಲ್ಲ. ಮಾರ್ಚ್‌ನಲ್ಲಿ ಹೋಗು. ಎರಡು ತಿಂಗಳು ಹೋಗು."

"ಮಾರ್ಚ್‌ನಲ್ಲಿ ನಮ್ಮ ಉಪವಾಸ ಸರ್. ಮದುವೆ ಮಾಡುವ ಹಾಗಿಲ್ಲ."

ನಾಸರ್‌ಗೆ ಇದು ಅರ್ಥವಾಗದ ಮಾತಲ್ಲ. ತಲೆದೂಗಿದ, ಪಾಪ ಅನ್ನಿಸಿತು, ಆದರೆ ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಬೊನಿಫಾಸನ ಪಾಸ್‌ಪೋರ್ಟು ಅವನ ಡ್ರಾವರಿನಲ್ಲಿತ್ತು. ಸಿಟ್ಟು ಮಾಡಿಕೊಳ್ಳೋಣ ಅಂದರೆ ಯಾರ ಮೇಲೆ? ಎದೆಯಲ್ಲಿ ಹೊಲಿಗೆ ಇರುವ ಮುದುಕನ ಮೇಲೆಯೇ?

ಸುದ್ದಿ ಕೇಳಿ ಕಾರ್ಮೆಲ್ ಫೋನಿನಲ್ಲಿ ಅಳಲಿಲ್ಲ. ಅತ್ತು ಅತ್ತು ಅವಳಿಗೂ ಅಭ್ಯಾಸವಾಗಿತ್ತು.

"ಇಗರ್ಜಿಗೆ ನನ್ನ ಅಣ್ಣ ಆಂಥೋನಿ ಕೈ ಹಿಡಿದು ಕರ್ಕೊಂಡು ಹೋಗ್ತಾನೆ. ಅದು ಆಗ್ತದೆ. ಆದರೆ ರೋಸಿಗೆ ಎಂತ ಮಾಡುವುದು?"

ರೋಸ್ ಅಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ಎಣ್ಣೆ ಹಚ್ಚಿ ತೆಂಗಿನ ಹಾಲು ಎರೆಯುವುದು, ಕನ್ನೆಯಾಗಿ ಅವಳ ಕೊನೆಯ ಸ್ನಾನ. ಮೊದಲು ತಂದೆತಾಯಿ ಹಣೆಗೆ ಎಣ್ಣೆಯಲ್ಲಿ ಶಿಲುಬೆ ಹಾಕಿ ಆಶೀರ್ವಾದ ಕೊಡಬೇಕು, ಆಮೇಲೆ ಉಳಿದವರು. ಹಾಲು ಎರೆದು ಮುಗಿದರೆ ಮುಗಿಯಿತು. ಒಂದು ಹುಡುಗಿಗೆ ಎರಡು ಸಲ ರೋಸ್ ಇಲ್ಲ.

ಫೋನು ಮಗಳ ಕೈಗೆ ಹೋಯಿತು.

"ಪಪ್ಪಾ, ಆಂಥೋನಿ ಮಾಮ ಎಣ್ಣೆ ಹಚ್ಚಲಿ. ಆದರೆ ನೀವು ಸ್ಕೈಪಿನಲ್ಲಿ ಬಂದು ಬಾಯಿಬಿಟ್ಟು ಆಶೀರ್ವಾದ ಹೇಳಬೇಕು. ನಿಮ್ಮ ಸ್ವರ ಕೇಳದೆ ನಾನು ತಲೆ ಬಗ್ಗಿಸುವುದಿಲ್ಲ."

"ಆಯ್ತು ಬಾಯೆ" ಅಂದ ಬೊನಿಫಾಸ್. ಎಲ್ಲದಕ್ಕೂ ಹೊರಗಾದವನಿಗೆ ಇದೊಂದಕ್ಕಾದರೂ ಒಳಗೆ ಜಾಗ ಇತ್ತು.

ಅಂದಿನಿಂದ ಅವನಿಗೆ ಹಿಡಿದದ್ದು ಸಿಗ್ನಲ್ಲಿನ ಹುಚ್ಚು. ಯಾರೋ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ತಂದ. ಅದರ ಬದಿಗೆ ಸಿಕ್ಕಿಸುವ, ಬೆರಳಿನಷ್ಟು ಉದ್ದದ ಇಂಟರ್ನೆಟ್ ಡಾಂಗಲ್ ತಂದ. ಸಲ್ವಾದಲ್ಲಿ ಅದು ಚೆನ್ನಾಗಿ ಓಡಿತು. ಮುತ್ಲಾದ ಆಚೆ ಗಾಡಿ ನಿಂತಾಗ ಕೆಂಪು ದೀಪ ಮಿಣುಕಿಸಿ ಸತ್ತಿತು. ಕಬ್ದ್‌ನಲ್ಲಿ ಕಕ್ಕಸಿನ ಕಿಟಕಿಗೆ ಹಿಡಿದರೆ ಮಾತ್ರ ಬಂತು. ಅಲ್ಲಿ ಕೂತು ಮಗಳಿಗೆ ಆಶೀರ್ವಾದ ಕೊಡುವುದು ಹೇಗೆ? ವಫ್ರಾದ ಬದಿಯಲ್ಲಿ ಗಾಡಿಯ ತಲೆಯ ಮೇಲೆ ಬಂತು, ಕೆಳಗಿಳಿದರೆ ಹೋಯಿತು. ಮಧ್ಯಾಹ್ನ ಮುದುಕ ಮಲಗಿದ ಹೊತ್ತಿನಲ್ಲಿ ಬೊನಿಫಾಸ್ ಲ್ಯಾಪ್‌ಟಾಪನ್ನು ಎತ್ತಿಕೊಂಡ ಮಗುವಿನ ಹಾಗೆ ಹಿಡಿದು ಮರಳಿನಲ್ಲಿ ಸುತ್ತುವುದನ್ನು ಒಂಟೆ ಕಾಯುವವರು ನೋಡಿ ನಗುತ್ತಿದ್ದರು.

ಬ್ರೇಕ್ ನೋಡಿಸಲು ಶುವೈಖ್‌ನ ಗ್ಯಾರೇಜಿಗೆ ಗಾಡಿ ಹೋದಾಗ ಮಮ್ಮಾಲಿಯ ಹತ್ತಿರ ಕಷ್ಟ ಹೇಳಿಕೊಂಡ. ಮಮ್ಮಾಲಿ ಉಳ್ಳಾಲದ ಬ್ಯಾರಿ. ಅವನ ಬಾಯಲ್ಲಿ ಯಾವ ಪ್ರಶ್ನೆಗೂ ಉತ್ತರ ಇಲ್ಲ ಎಂದಿಲ್ಲ. ಉತ್ತರ ಸರಿಯಾಗಿರಬೇಕು ಅಂತಲೂ ಇಲ್ಲ.

"ಅದಕ್ಕೆ ಎಂತ ಮಂಡೆಬೆಚ್ಚ ಮಾರಾಯ? ನಿನ್ನ ಅಡುಗೆಯಲ್ಲಿ ಸ್ಟೀಲಿನ ಜರಡಿ ಉಂಟಾ? ದೊಡ್ಡದು? ಅದರ ಹೊಟ್ಟೆಯಲ್ಲಿ ಡಾಂಗಲ್ ಕಟ್ಟು. ಉದ್ದದ ವಯರು ಹಾಕು. ಡೇರೆಯ ಕಂಬಕ್ಕೆ ಏರಿಸಿ ಟವರಿನ ಕಡೆ ತಿರುಗಿಸು. ಡಿಶ್ ಆಂಟೆನಾ ಆಯ್ತಲ್ಲ!"

"ಆಗ್ತದಾ ಮಮ್ಮಾಲಿ?"

"ಆಗದಿದ್ರೆ ಹಿಟ್ಟು ಜರಡಿ ಹಿಡಿ. ನಷ್ಟ ಎಂತ ಉಂಟು?"

ಆಶ್ಚರ್ಯ ಅಂದರೆ, ಆಯಿತು. ಸಾಲ್ಮಿ ರಸ್ತೆಯಿಂದ ಒಳಗೆ, ದೂರದಲ್ಲಿ ಟವರ್ ಕಾಣುವ ಒಂದು ಬಯಲಿನಲ್ಲಿ ಗಾಡಿಯ ಬದಿಗೆ ಕಂಬ ಕಟ್ಟಿ ಜರಡಿ ಏರಿಸಿದ. ವಯರನ್ನು ಕಿಟಕಿಯಿಂದ ಒಳಗೆಳೆದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕಾರ್ಮೆಲಳ ಮೂಗುತಿ ಕೂಡ ಕಾಣುವಷ್ಟು ಸ್ಪಷ್ಟ ಚಿತ್ರ. ಹಿಂದಿನ ಗೋಡೆಯ ಹಲ್ಲಿ ಕಂಡಿತು. ಬೊನಿಫಾಸ್ ಹಲ್ಲಿಗೂ ನಕ್ಕ.

ಇನ್ನು ಮುದುಕನನ್ನು ಒಪ್ಪಿಸಬೇಕು. ರಾತ್ರಿ ಊಟದ ಹೊತ್ತಿಗೆ ಸಾರು ಬಡಿಸುತ್ತ ವಿಷಯ ತೆಗೆದ. ಮಗಳ ಮದುವೆ ಮುಗಿಯುವ ತನಕ ಗಾಡಿ ಇಲ್ಲಿಂದ ಕದಲುವುದು ಬೇಡ ಬಾಬಾ, ಅಂದ. ಅಬು ನಾಸರ್ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇಲ್ಲಿ ಟೆಲಿಫೋನ್ ಬರ್ತದೆ" ಅಂದ.

"ಹೌದು ಬಾಬಾ. ಅದಕ್ಕೇ."

ಮುದುಕ ರೊಟ್ಟಿ ಮುರಿದು ಸಾರಿಗೆ ಅದ್ದಿದ. "ನಿನ್ನನ್ನು ನಾನೇ ಹಿಡಿದು ಕೂರಿಸಿದೆ" ಅಂದ ಆಮೇಲೆ. "ನಿಲ್ಲಲಿ. ನನ್ನ ಮಕ್ಕಳು ಫೋನ್ ಮಾಡಿದರೆ ನಾನು ನಿದ್ದೆಯಲ್ಲಿದ್ದೇನೆ ಅಂತ ಹೇಳು."

ಮುಂದಿನ ದಿನಗಳಲ್ಲಿ ಬೊನಿಫಾಸ್ ಬೇಕಾದಷ್ಟು ಸಲ ಪರೀಕ್ಷೆ ಮಾಡಿದ. ಭಾನುವಾರ ಮಾಡಿದ, ಸೋಮವಾರ ಮಾಡಿದ, ಬುಧವಾರ ರೋಸ್ ಶುರುವಾಗಬೇಕಾದ ಊರಿನ ಏಳು ಗಂಟೆಗೆ, ಅಂದರೆ ಇಲ್ಲಿಯ ನಾಲ್ಕೂವರೆಗೆ ಸರಿಯಾಗಿ ಮಾಡಿ ನೋಡಿದ. ಒಂದು ಸಲವೂ ಕೈಕೊಡಲಿಲ್ಲ. ಆಂಥೋನಿಯ ಹೆಂಡತಿ ರೆಜಿನಾ ಸೊಸೈಟಿ ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಅವಳದೇ ಲ್ಯಾಪ್‌ಟಾಪ್. "ಬಾವ, ನೀವು ಇಲ್ಲೇ ಚಪ್ಪರದಲ್ಲಿ ಕೂತ ಹಾಗೆ ಕಾಣ್ತೀರಿ" ಅಂದಳು.

ಬೊನಿಫಾಸ್ ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿದ. ಪ್ರಾರ್ಥನೆಯ ಎರಡು ಸಾಲು ಇಗರ್ಜಿಯದು. ಕೊನೆಯಲ್ಲಿ ಒಂದು ಸಾಲು ಅವನದೇ: ಬಾಯೆ, ನಿನ್ನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವ ಹಾಗೆ ದೇವರು ಮಾಡಲಿ. ಮೀನು ತೊಳೆಯುವಾಗ, ಮುದುಕನ ಕಾಲೊತ್ತುವಾಗ ಅದನ್ನೇ ಗೊಣಗುತ್ತಿದ್ದ. ಒಂದೆರಡು ಸಲ ಗಂಟಲು ಕಟ್ಟಿತು. ಅಲ್ಲಿ ಕಟ್ಟಬಾರದು ಎಂದು ಇಲ್ಲೇ ಕಟ್ಟಿಸಿಕೊಂಡು ಅಭ್ಯಾಸ ಮಾಡಿದ.

ರೋಸ್ ಇದ್ದದ್ದು ಶುಕ್ರವಾರ.

ಎಲ್ಲ ತಿಳಿದವನಿಗೆ ಇದೊಂದು ಹೊಳೆಯಲಿಲ್ಲ ನೋಡಿ. ಇಪ್ಪತ್ತು ವರ್ಷ ಕುವೈತಿನಲ್ಲಿದ್ದವನು, ಶುಕ್ರವಾರ ರಜೆ ಎಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವವನು. ಆದರೆ ಮುದುಕನ ಜೊತೆ ಯಾವಾಗಲೂ ಜನ ಇಲ್ಲದ ಕಡೆಯೇ ನಿಂತು ನಿಂತು, ಮರುಭೂಮಿ ಅಂದರೆ ಯಾರೂ ಇಲ್ಲದ ಜಾಗ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಊರಿನ ಮನೆಯವರಿಗಂತೂ ರಜೆಯ ದಿನ ಭಾನುವಾರ. ಶುಕ್ರವಾರ ಎಂದರೆ ಅವರಿಗೆ ಯಾವುದೋ ಒಂದು ವಾರ.

ಗುರುವಾರ ಸಂಜೆಯೇ ಗಾಡಿಗಳು ಬರತೊಡಗಿದವು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಆ ಬೋಳು ಬಯಲು ಒಂದು ಪೇಟೆಯಾಯಿತು. ಡೇರೆಗಳು, ಜನರೇಟರುಗಳು, ಮರಳಲ್ಲಿ ಓಡಿಸುವ ಪುಟ್ಟ ಗಾಡಿಗಳು, ಮಾಂಸ ಸುಡುವ ಹೊಗೆ. ಪ್ರತಿಯೊಬ್ಬ ಹುಡುಗನ ಕೈಯಲ್ಲೂ ಒಂದೊಂದು ಫೋನು, ಕೆಲವರಿಗೆ ಎರಡೆರಡು. ಎಲ್ಲರೂ ಫೋಟೋ ತೆಗೆದು ಎಲ್ಲಿಗೋ ಕಳಿಸುವವರೇ. ಆ ಬಡಪಾಯಿ ಟವರು ಒಂದು, ಅದರ ಕುತ್ತಿಗೆಗೆ ನೇತುಬಿದ್ದವರು ಸಾವಿರ.

ನಾಲ್ಕಕ್ಕೆ ಬೊನಿಫಾಸ್ ಬಿಳಿ ಶರ್ಟು ಹಾಕಿ, ತಲೆ ಬಾಚಿ, ಕಿಟಕಿಯ ಹಸಿರು ಪರದೆ ಎಳೆದು ಮೇಜಿನ ಮುಂದೆ ಕುಳಿತ. ಲ್ಯಾಪ್‌ಟಾಪಿನಲ್ಲಿ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಹೊರಗೆ ಬಂದು ಜರಡಿ ನೋಡಿದ. ನಿನ್ನೆ ಇದ್ದ ಹಾಗೆಯೇ ಟವರಿನ ಮುಖ ನೋಡುತ್ತ ನಿಂತಿತ್ತು. ಸಿಗ್ನಲ್ಲಿನ ಕಡ್ಡಿಗಳೂ ಪೂರ್ತಿ ಇದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ.

"ಬಾಬಾ, ಬರ್ತಾ ಇಲ್ಲ" ಅಂದ. ಸ್ವರ ಮಗುವಿನದಾಗಿತ್ತು.

ಅಬು ನಾಸರ್ ಸುತ್ತ ನೋಡಿದ. ಕಾರಣ ಅವನಿಗೆ ತಕ್ಷಣ ಹೊಳೆಯಿತು. ಟೆಲಿಫೋನಿನ ವೈರಿಗೆ ಅಷ್ಟು ತಿಳಿಯದೆ ಇದ್ದೀತೇ? ಕೋಲು ಹಿಡಿದು ಎದ್ದ. ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು ಡೇರೆಯಿಂದ ಡೇರೆಗೆ ಹೋಗಿ ಬೊಬ್ಬೆ ಹಾಕತೊಡಗಿದ. "ಫೋನ್ ಬಂದ್ ಮಾಡಿ! ನನ್ನ ಬೋನಿಯ ಮಗಳ ಮದುವೆ! ಖಲಾಸ್, ಬಂದ್ ಮಾಡಿ!" ಹುಡುಗರು ಎದ್ದು ನಿಂತು ಗೌರವದಿಂದ ಕೇಳಿದರು, ಚಹಾ ಕೊಡಲು ಬಂದರು. ಒಂದಿಬ್ಬರು ಮುದುಕನ ಬೊಬ್ಬೆಯನ್ನು ಫೋನಿನಲ್ಲಿ ವೀಡಿಯೋ ಮಾಡಿ ಅದನ್ನೂ ಕಳಿಸಿದರು.

ನಾಲ್ಕೂವರೆ ದಾಟಿದ ಮೇಲೆ ಚಿತ್ರ ಒಮ್ಮೆಲೇ ತೆರೆಯಿತು. ಚಪ್ಪರ, ಬಣ್ಣದ ದೀಪ, ಮದುವೆಯ ಹಾಡು ವೊವಿಯೊ ಹಾಡಲು ನಿಂತ ಹೆಂಗಸರು. ನಡುವೆ ಮಣೆಯ ಮೇಲೆ ಮರೀನಾ, ಕೂದಲು ಬಿಚ್ಚಿಕೊಂಡು. ಯಾವಾಗ ಇಷ್ಟು ದೊಡ್ಡವಳಾದಳು?

"ಪಪ್ಪಾ! ಪಪ್ಪಾ ಬಂದ್ರು!"

"ಬಾಯೆ…" ಅಂದ.

"ಕೇಳುದಿಲ್ಲ. ರೆಜಿನಾ, ಸ್ವರ ಬರುದಿಲ್ಲ ನೋಡು" ಇದು ಕಾರ್ಮೆಲ್. ಆಂಥೋನಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದ. ಅವನ ಮಾತು ಚೂರುಚೂರಾಗಿ ಬಂತು. ಹೊತ್ತಾಯಿತು… ಫಾದರ್ ಹೊರಡಬೇಕಂತೆ… ಶುರು ಮಾಡುವನಾ…

"ನಿಲ್ಲಿ!" ಬೊನಿಫಾಸ್ ಕೂಗಿದ. "ನಾನು ಹೇಳಲಿಲ್ಲ ಇನ್ನೂ! ಸ್ವಲ್ಪ ನಿಲ್ಲಿ!" ಎಂದು ಬಲಗೈ ಎತ್ತಿ ಅಂಗೈ ತೋರಿಸಿದ. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಕೊನೆಗೆ ಅವನಿಗೆ ಕಂಡದ್ದು, ಅವನ ಕೈ ನೋಡಿ ಮಗಳು ತಲೆ ಬಗ್ಗಿಸಿದ್ದು.

ಆಮೇಲೆ ಅವನು ಏನೇನು ಮಾಡಿದ ಎಂದು ಅವನಿಗೇ ಸರಿಯಾಗಿ ನೆನಪಿಲ್ಲ. ಲ್ಯಾಪ್‌ಟಾಪ್ ಕಂಕುಳಲ್ಲಿ ಇರುಕಿಕೊಂಡು ಏಣಿ ಹತ್ತಿ ಗಾಡಿಯ ತಲೆಗೆ ಹೋದ. ಕಂಬ ತಿರುಗಿಸಲು ಹೋಗಿ ಎಳೆದ ರಭಸಕ್ಕೆ ಕಟ್ಟು ಹರಿದು ಕಂಬ ಕೆಳಗೆ ಬಿತ್ತು. ಜರಡಿ ಮಾತ್ರ ಕೈಯಲ್ಲಿ ಉಳಿಯಿತು. ಅದನ್ನೇ ಬಲಗೈಯಲ್ಲಿ ಆದಷ್ಟು ಎತ್ತರಕ್ಕೆ ಹಿಡಿದು, ಎಡಗೈಯಲ್ಲಿ ಮತ್ತೆ ಮತ್ತೆ ಕರೆ ಒತ್ತುತ್ತ ಕುಳಿತ. ಕೆಳಗೆ ಮಾಂಸದ ಹೊಗೆ, ಹಾಡು, ಪುಟ್ಟ ಗಾಡಿಗಳ ಗರ್ಜನೆ. ಇಷ್ಟು ಜನರ ಮಾತು ಆ ಟವರಿನಿಂದ ಹೋಗುತ್ತಿದೆ, ತನ್ನ ಮೂರು ಸಾಲು ಹೋಗುವುದಿಲ್ಲ. ದೇವರ ಮೇಲೆಯೂ ಅವನಿಗೆ ಸಿಟ್ಟು ಬಂತು. ತಪ್ಪಾಯಿತು ಎಂದು ಮರುಕ್ಷಣವೇ ಕ್ಷಮೆ ಕೇಳಿಕೊಂಡ, ಎಲ್ಲಿ ಅದಕ್ಕೂ ಸಿಗ್ನಲ್ಲು ಕಡಿಯುತ್ತದೋ ಎಂದು. ಕೈ ಮರಗಟ್ಟಿತು. ಇಳಿಸಲಿಲ್ಲ.

ಹೊತ್ತು ಮುಳುಗಿತು. ಮಗ್ರಿಬ್ ನಮಾಜಿನ ಕರೆ ಕೇಳಿತು. ಬಯಲಿನ ಹುಡುಗರೆಲ್ಲ ಫೋನು ಕಿಸೆಗೆ ಹಾಕಿ ಸಾಲಾಗಿ ನಿಂತರು. ಅಬು ನಾಸರನೂ ಅವರ ನಡುವೆ ಕುರ್ಚಿಯ ಮೇಲೆ ಕುಳಿತ. ಆ ಸ್ತಬ್ಧತೆಯಲ್ಲಿ ಲ್ಯಾಪ್‌ಟಾಪಿನ ಚಕ್ರ ನಿಂತು ಚಪ್ಪರ ಮತ್ತೆ ತೆರೆಯಿತು.

ರೋಸ್ ಮುಗಿದಿತ್ತು. ಮರೀನಾ ತಲೆಯಿಂದ ಕಾಲಿನ ತನಕ ತೆಂಗಿನ ಹಾಲಿನಲ್ಲಿ ನೆನೆದು, ಕಣ್ಣು ಉಜ್ಜಿಕೊಳ್ಳುತ್ತ ನಗುತ್ತಿದ್ದಳು.

"ಅಯ್ಯೋ ದೇವರೇ!" ಕಾರ್ಮೆಲಳ ಸ್ವರ ಈಗ ಪಕ್ಕದಲ್ಲೇ ಕೂತ ಹಾಗೆ ಕೇಳಿತು. "ನೋಡಿ ಇವರನ್ನು! ಇನ್ನೂ ಕೈ ಇಳಿಸಲಿಲ್ಲ! ಆಗಲೇ ಆಶೀರ್ವಾದಕ್ಕೆ ಕೈ ಎತ್ತಿದ್ದು, ಇಡೀ ರೋಸ್ ಮುಗಿಯುವ ತನಕ ಅಲ್ಲಾಡದೆ ಹಾಗೇ ಹಿಡ್ಕೊಂಡಿದ್ರಿ ನೀವು. ಸ್ವರ ಬಾರದಿದ್ರೆ ಎಂತ? ಎಲ್ಲರೂ ಕಣ್ಣೀರು ಹಾಕಿದ್ರು ನಿಮ್ಮನ್ನು ನೋಡಿ."

ಜರಡಿ ಅವರ ಚಿತ್ರದ ಆಚೆ ಉಳಿದು ಎತ್ತಿದ ತೋಳು ಮಾತ್ರ ಅವರಿಗೆ ಕಾಣುತ್ತಿತ್ತು. ಬೊನಿಫಾಸ್ ಬಾಯಿ ತೆರೆದ. ಆ ಕೈ ಆಶೀರ್ವಾದದ್ದಲ್ಲ ಕಾರ್ಮೆಲ್, ನಿಲ್ಲಿಸಿ ಅಂತ ಎತ್ತಿದ್ದು, ನೀವು ಇಷ್ಟು ಹೊತ್ತು ನೋಡಿದ್ದು ನಿಂತುಹೋದ ಚಿತ್ರ, ನನ್ನ ಮಾತು ಇಲ್ಲೇ ಉಂಟು, ಗಂಟಲಲ್ಲೇ ಉಂಟು. ಕಾರ್ಮೆಲಳ ಹಿಂದೆ ರೆಜಿನಾ ಒಮ್ಮೆ ಅವನ ಬೆನ್ನ ಹಿಂದಿನ ಆಕಾಶವನ್ನು ನೋಡಿದಳು. ಆಗ ಅಲ್ಲಿ ಹಸಿರು ಪರದೆ ಇತ್ತಲ್ಲ ಎಂದು ಅವಳಿಗೆ ನೆನಪಾಗಿರಬೇಕು. ಏನೂ ಹೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೊನಿಫಾಸ್ ಬಾಯಿ ಮುಚ್ಚಿದ. ಹಾಲು ಎರೆದಾಗಿತ್ತು. ಈಗ ಸತ್ಯ ಹೇಳಿದರೆ ಮಗಳು ತಂದೆಯ ಆಶೀರ್ವಾದ ಇಲ್ಲದೆ ಇಗರ್ಜಿಗೆ ಹೋಗಬೇಕಾಗುತ್ತದೆ.

"ಪಪ್ಪಾ, ಸಾಕು. ಕೈ ಇಳಿಸಿ. ನೋವಾಗ್ತದೆ ನಿಮಗೆ" ಅಂದಳು ಮರೀನಾ.

ಜರಡಿ ಇಳಿಸಿದರೆ ಅವಳು ಹೋಗಿಬಿಡುತ್ತಾಳೆ. "ಇರಲಿ ಬಾಯೆ" ಅಂದ ಬೊನಿಫಾಸ್. "ಇನ್ನು ಸ್ವಲ್ಪ ಹೊತ್ತು ಇರಲಿ. ಬಾಯೆ, ಕೇಳು, ನಿನ್ನ ಮನೆಯಲ್ಲಿ ಎಲ್ಲರೂ ಒಟ್ಟಿಗೆ…"

ಕೆಳಗೆ ನಮಾಜು ಮುಗಿಯಿತು. ಹುಡುಗರು ಎದ್ದು, ಮರಳು ಕೊಡವಿ, ಕಿಸೆಗಳಿಂದ ಫೋನು ತೆಗೆದರು. ಮಗಳ ಮುಖ ಅರ್ಧ ನಗುವಿನಲ್ಲಿ ನಿಂತುಹೋಯಿತು. ಆಮೇಲೆ ಅದೂ ಹೋಗಿ ಚಕ್ರ ತಿರುಗತೊಡಗಿತು.

ಅಬು ನಾಸರ್ ಕೋಲೂರಿಕೊಂಡು ಬಂದು ಏಣಿಯ ಬುಡದಲ್ಲಿ ನಿಂತ. ಕತ್ತಲಲ್ಲಿ ಮೇಲೆ ನೋಡಿದ.

"ಬೋನಿ, ಆಯ್ತಾ? ಆಶೀರ್ವಾದ ಕೊಟ್ಟೆಯಾ?"

"ಕೊಟ್ಟೆ ಬಾಬಾ. ಖಲಾಸ್."

"ಹಾಗಾದರೆ ಇಳಿದು ಬಾ. ಆ ಕೈಯನ್ನಾದರೂ ಇಳಿಸು."

ಬೊನಿಫಾಸ್ ಎಡಗೈಯಿಂದ ಬಲಗೈಯನ್ನು ಹಿಡಿದು ಜಗ್ಗಿದ. ಹೆಗಲು ಬಿಗಿದುಕೊಂಡು ಮರದ ಕೊರಡಾಗಿತ್ತು. ಇನ್ನೊಮ್ಮೆ ಜಗ್ಗಿದ. ಇಡೀ ದಿನ ತಡೆದುಕೊಂಡ ಅಳು ಆಗ ಬಂತು.

"ಇಳೀತಾ ಇಲ್ಲ ಬಾಬಾ" ಅಂದ.